ಕಾವೇರಿ ದಡದ ದೇವರ ಹೆಸರಿನವನು

ಇವತ್ತು ಬೆಳಿಗ್ಗೆ ನಮ್ಮ ಸೊಸೆ ಹಿತ್ತಲಿನಲ್ಲಿ ನಿಂತು ನನ್ನ ಮಗನನ್ನು ಹೆಸರು ಹಿಡಿದು ಕೂಗಿದಳು. ‘ರಾಜೂ, ನೀರು ಕಾದಿದೆ, ಬಾ’ ಎಂದಳು, ಅಷ್ಟೇ. ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ನನ್ನ ಹೆಂಡತಿಯ ಕೈ ಅಲ್ಲೇ ನಿಂತಿತು. ಬೈಯಲಿಲ್ಲ. ಒಂದು ಗಳಿಗೆ ಬಿಟ್ಟು ಜರಡಿ ಮತ್ತೆ ಆಡತೊಡಗಿತು, ಮೊದಲಿಗಿಂತ ಸ್ವಲ್ಪ ಜೋರಾಗಿ. ಜಗಲಿಯಲ್ಲಿ ಕುಳಿತಿದ್ದ ನನಗೆ ನಗು ಬಂತು. ನಗುವಿನ ಹಿಂದೆಯೇ ಕುದಿಯುವ ಕಬ್ಬಿನ ಹಾಲಿನ ವಾಸನೆ ಮೂಗಿಗೆ ಹೊಡೆದ ಹಾಗಾಯಿತು. ಹೆಸರು ಕೂಗುವುದಕ್ಕೂ ಕಬ್ಬಿನ ಹಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯ. ಹೆಸರಿನೊಳಗೆ ಅಡಗಿರುವ ಮಾತು ಕೂಡ ಬಾಯಿಗೆ ಬರಕೂಡದು. ಕರೆಯಬೇಕಾದರೆ ‘ಇಗಾ’, ಅಂದರೆ ಇಲ್ಲಿ ನೋಡಿ, ಎಂದಷ್ಟೇ. ನಮ್ಮ ದೊಡ್ಡಮ್ಮನ ಗಂಡನ ಹೆಸರು ಕೆಂಪಯ್ಯ. ಆಕೆ ಸಾಯುವ ತನಕ ಮೆಣಸಿನಕಾಯಿ ‘ಹಣ್ಣಾಗ್ಯದೆ’ ಅನ್ನುತ್ತಿದ್ದಳೇ ಹೊರತು ಕೆಂಪಾಗಿದೆ ಅಂದವಳಲ್ಲ. ಪಕ್ಕದ ಬೀದಿಯ ಬೆಟ್ಟೇಗೌಡರ ಹೆಂಡತಿಗೆ ಚಾಮುಂಡಿ ಬೆಟ್ಟ ಹತ್ತುವುದು ಕಷ್ಟವಾಗಿರಲಿಲ್ಲ, ಹತ್ತಿ ಬಂದೆ ಎಂದು ಹೇಳುವುದೇ ಕಷ್ಟ. ‘ತಾಯಿ ಎತ್ತರುಕ್ ಓಗಿದ್ದೆ’ ಅನ್ನುತ್ತಿದ್ದಳು. ಹೆಸರು ಹೇಳಲೇಬೇಕಾಗಿ ಬಂದರೆ ಗುರುತು ಕೊಡುವುದು ರೂಢಿ. ಇಂಥ ಊರಿನ ದೇವರ ಹೆಸರು, ಇಂಥ ವಾರದ ಹೆಸರು ಎಂದರೆ ಕೇಳಿದವರು ಬಿಡಿಸಿಕೊಳ್ಳಬೇಕು. ಊರಿನವರು ತಟ್ಟನೆ ಬಿಡಿಸುತ್ತಿದ್ದರು. ಯಾಕೆಂದರೆ ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು.

ನಾನು ಆಗ ಮದ್ದೂರು ರೈಲ್ವೆ ಸ್ಟೇಷನ್ನಿನ ಹತ್ತಿರ ಜಟಕಾ ಓಡಿಸುತ್ತಿದ್ದೆ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಮಳವಳ್ಳಿ ಬಸ್ಸು ಹಿಂದುಗಡೆ ಒಂದು ಇದ್ದಿಲ ಒಲೆ ಕಟ್ಟಿಕೊಂಡು ಅದರ ಹೊಗೆಯ ಬಲದಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎಂದು ನಾನು ಮರ್ಯಾದೆಗೆ ಹೇಳುತ್ತಿದ್ದೇನೆ. ಹೀಗಾಗಿ ಜಟಕಾದವರಿಗೆ ಕೈತುಂಬ ಕೆಲಸ. ಅಪ್ಪ ತೀರಿಕೊಂಡಾಗ ನಾನು ಮೂರನೇ ಕ್ಲಾಸು; ಸ್ಲೇಟು ಇಟ್ಟು ಲಗಾಮು ಹಿಡಿದೆ. ‘ಗೌಡ್ರ ಮಗ ಆಗಿ ಬಾಡ್ಗೆ ಗಾಡಿ ಒಡೀತನೆ’ ಎಂದು ನೆಂಟರು ಆಡಿಕೊಂಡರು. ಅವರಿಗೆ ನಾನು ಕೊಟ್ಟ ಉತ್ತರ ನನ್ನ ಕುದುರೆ ರಾಣಿ. ಅವಳ ಮೈಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು, ಹಾಗೆ ತಿಕ್ಕುತ್ತಿದ್ದೆ. ಒಂದು ಪದ್ಧತಿಯನ್ನೂ ಇಟ್ಟುಕೊಂಡಿದ್ದೆ: ಗಾಡಿ ಹೊರಟ ಮೇಲೆ ಮುಟ್ಟುವ ಜಾಗ ಮುಟ್ಟುವ ತನಕ ಯಾರಿಗೋಸ್ಕರವೂ ಕೆಳಗಿಳಿಯುತ್ತಿರಲಿಲ್ಲ. ದಾರಿ ಕೇಳುವುದಾದರೂ ಮೇಲಿಂದಲೇ. ಇಳಿದರೆ ಆಳಾಗಿಬಿಡುತ್ತೇನೆ ಎಂದು ನನಗೆ ಯಾರು ಹೇಳಿಕೊಟ್ಟರೋ ಕಾಣೆ.

ನನ್ನ ಖಾಯಂ ಗಿರಾಕಿಗಳಲ್ಲಿ ಪುಸ್ತಕದ ಸಾಮೇಲಪ್ಪ ಒಬ್ಬರು. ಸಮುವೇಲಪ್ಪ ಎಂದು ಅವರ ಹೆಸರು, ನಮ್ಮ ನಾಲಿಗೆಗೆ ಸಾಮೇಲಪ್ಪ. ಕ್ರೈಸ್ತರು, ಮಂಡ್ಯದಲ್ಲಿ ಮನೆ. ತಗಡಿನ ಪೆಟ್ಟಿಗೆಯಲ್ಲಿ ತಮ್ಮ ಧರ್ಮದ ಸಣ್ಣ ಪುಸ್ತಕಗಳನ್ನು ತುಂಬಿಕೊಂಡು ಊರೂರು ಸಂತೆಗಳಲ್ಲಿ ಮಾರುತ್ತಿದ್ದರು. ಕೊಳ್ಳುವವರು ಕಡಿಮೆ, ವಾದ ಮಾಡುವವರು ಜಾಸ್ತಿ. ಆ ಎರಡನೇ ಗುಂಪಿಗೆ ನಾನೇ ಯಜಮಾನ.

ಅವರು ಹೇಳುತ್ತಿದ್ದುದು ಇಷ್ಟು. ಅವರ ಗ್ರಂಥದಲ್ಲಿ ಎರಡು ಭಾಗ. ಮೊದಲನೆಯದು ಹಳೇ ಒಡಂಬಡಿಕೆ. ಅದು ಮೂಲದಲ್ಲಿ ಯೆಹೂದ್ಯರದು, ಹೀಬ್ರೂ ಭಾಷೆಯದು, ಯೇಸು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲಿನದು. ಅದರಲ್ಲಿ ಪ್ರವಾದಿಗಳು, ಅಂದರೆ ದೇವರ ಮಾತನ್ನು ಜನಕ್ಕೆ ಮುಟ್ಟಿಸುವವರು, ಒಬ್ಬ ಬರುತ್ತಾನೆ ಎಂದು ಹೇಳಿಹೋಗಿದ್ದಾರೆ. ಅವನನ್ನು ಮೆಸ್ಸೀಯ ಎನ್ನುತ್ತಾರೆ. ತಲೆಗೆ ಎಣ್ಣೆ ಹೊಯ್ದು ಪಟ್ಟ ಕಟ್ಟಿಸಿಕೊಂಡವನು ಎಂದು ಅರ್ಥ. ಆದರೆ ಅವನು ಇಂಥವನೇ ಎಂದು ಎಲ್ಲೂ ಬಿಡಿಸಿ ಹೇಳಿಲ್ಲ. ಸಣ್ಣ ಊರಿನಲ್ಲಿ ಹುಟ್ಟುತ್ತಾನೆ, ಕತ್ತೆಯ ಮೇಲೆ ಬರುತ್ತಾನೆ, ಗಾಯಪಡುತ್ತಾನೆ, ಬೇರೆಯವರ ತಪ್ಪನ್ನು ತಾನು ಹೊರುತ್ತಾನೆ, ಹೀಗೆ ಅಲ್ಲೊಂದು ಇಲ್ಲೊಂದು ಗುರುತು.

‘ಆ ಗುರುತೆಲ್ಲ ನಮ್ಮ ಯೇಸುಸ್ವಾಮಿಗೆ ಕೂಡಿಬರುತ್ತೆ ಗೌಡ್ರೆ’ ಅನ್ನುತ್ತಿದ್ದರು ಸಾಮೇಲಪ್ಪ.

‘ಬಂದೋದ್ ಮ್ಯಾಲೆ ಯಾರ್ ಬೇಕಾರೂ ಕೂಡಿಸ್ಬೋದು ಬುಡಿ’ ಅನ್ನುತ್ತಿದ್ದೆ ನಾನು.

ಒಂದು ಸಲ ಅವರೇ ನನ್ನ ಕೈಗೆ ಸಿಕ್ಕಿಬಿದ್ದರು. ಹುಟ್ಟುವ ಕೂಸಿಗೆ ಇಮ್ಮಾನುವೇಲ ಎಂದು ಹೆಸರಿಡುತ್ತಾರೆ ಅಂತ ಒಬ್ಬ ಪ್ರವಾದಿ ಹೇಳಿದ್ದನಂತೆ. ನಾನು ಲಗಾಮು ಎಳೆದು ಗಾಡಿಯನ್ನೇ ನಿಲ್ಲಿಸಿದೆ.

‘ನಿಮ್ ಸ್ವಾಮಿ ಎಸ್ರೇನು?’

‘ಯೇಸು.’

‘ಪುಸ್ತಕ್ದಲ್ಲಿ ಇರೋದು?’

‘ಇಮ್ಮಾನುವೇಲ.’

‘ಅವ್ರವ್ವ ಒಂದಿವ್ಸನಾರ ಇಮ್ಮಾನುವೇಲ, ಬಾರಪ್ಪ ಉಣ್ಣಕೆ ಅಂತ ಕರುದ್ಲಾ?’

‘ಹಾಗೆ ಬರೆದಿಲ್ಲ. ಆದರೆ ಆ ಹೆಸರಿಗೆ ಒಂದು ಅರ್ಥ...’

‘ನಾನ್ ಅರ್ಥ ಕೇಳ್ನಿಲ್ಲ ಸಾಮೇಲಪ್ನೋರೆ, ಎಸ್ರು ಕೇಳ್ದೆ. ಉಡ್ಕಕೆ ಓಗಿದ್ದು ಒಬ್ರುನ್ನ, ಕರ್ಕಂಬಂದಿದ್ದು ಇನ್ನೊಬ್ರುನ್ನ!’

ಅವತ್ತಿನಿಂದ ಅವರು ಜಟಕಾ ಹತ್ತಿದಾಗಲೆಲ್ಲ ನನ್ನದು ಒಂದೇ ನಮಸ್ಕಾರ: ‘ಏನು, ಇಮ್ಮಾನುವೇಲ್ರು ಸಿಕ್ಕುದ್ರಾ?’ ಅವರು ನಕ್ಕು ಪೆಟ್ಟಿಗೆಯನ್ನು ಕಾಲ ಸಂದಿಗೆ ಎಳೆದುಕೊಳ್ಳುತ್ತಿದ್ದರು. ನಗುವಿನಲ್ಲಿ ಸ್ವಲ್ಪ ನೋವಿತ್ತು ಎಂದು ಈಗ ಅನ್ನಿಸುತ್ತದೆ.

ಕಬ್ಬು ಅರೆಯುವ ಕಾಲದ ಒಂದು ಮಧ್ಯಾಹ್ನ ಸಾಮೇಲಪ್ಪ ವೈದ್ಯನಾಥಪುರಕ್ಕೆ ಹೋಗಲೆಂದು ಗಾಡಿಯಲ್ಲಿ ಕೂತಿದ್ದರು. ಇನ್ನೇನು ಹೊರಡಬೇಕು, ಒಬ್ಬ ಹೆಣ್ಣುಮಗಳು ಬಂದು ಗಾಲಿಯನ್ನೇ ಹಿಡಿದುಕೊಂಡು ನಿಂತಳು. ಕಾಲೆಲ್ಲ ಧೂಳು.

‘ಅಣ್ಣಾ, ಆಲೆಮನೆ ಕಡೀಕೆ ಗಾಡಿ ಬತ್ತದಾ?’

‘ಯಾವ್ ಆಲೆಮನೆ? ಈ ಒಳೆ ಉದ್ದಕ್ಕೂ ಬೆಲ್ಲ ಕಾಯ್ಸೋರೇ ಅವ್ರೆ.’

‘ಅದೇ ಗೊತ್ತಿಲ್ಲ ಕಣಣ್ಣ. ಮದ್ದೂರ್ ತಾವ, ಒಳೆ ಮಗ್ಗುಲ್ಗೆ ಅಂದಿದ್ರು. ನಮ್ಮಟ್ಟಿಯೋರು ಅಲ್ ಕೆಲ್ಸುಕ್ಕವ್ರೆ.’

ಅವಳ ಹೆಸರು ನಿಂಗಮ್ಮ. ಊರು ಹಲಗೂರಿನಿಂದಾಚೆ, ಕಾವೇರಿಯ ಹತ್ತಿರ. ಅತ್ತೆಗೆ ಉಸಿರು ಮೇಲೆ ಕೆಳಗೆ ಆಗುತ್ತಿದೆ. ಇರುವವನು ಒಬ್ಬನೇ ಮಗ. ‘ಮಗ ಬಂದು ಬಾಯ್ಗೆ ನೀರ್ ಬುಡ್ಲಿ ಅಂತ ಜೀವ ಇಟ್ಕಂಡವ್ಳೆ ಕಣಣ್ಣ. ನಂಗೆ ಬೈತಾನೇ ಕಾಲ ಕಳುದ್ಲು, ಈಗ ನನ್ ಕೈ ಇಡ್ಕಂಡು ಕರ್ಕಂಬಾ ಕರ್ಕಂಬಾ ಅಂತಾಳೆ. ಸಂಜೆ ಬಸ್ಗೆ ಕರ್ಕಂಡು ಓಗ್ಲೇಬೇಕು.’

‘ನಿನ್ ಗಂಡುನ್ ಎಸ್ರೇನವ್ವ?’

ನಿಂಗಮ್ಮ ಸೆರಗು ಮುಂದಕ್ಕೆಳೆದುಕೊಂಡಳು. ‘ನಮ್ ಕಡೆ ಕಾವೇರಿ ದಡದಲ್ಲಿ ಇದಾನಲ್ಲ, ಬಾಲ ಇರೋ ದೇವ್ರು. ಆ ದೇವ್ರೆಸ್ರು.’

‘ಮುತ್ತತ್ತಿ ಹನುಮ!’ ಎಂದು ನಾನೂ ಸಾಮೇಲಪ್ಪನವರೂ ಒಟ್ಟಿಗೇ ಕೂಗಿದೆವು. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು, ‘ಗಾಡಿ ಅತ್ತವ್ವ ಅತ್ತು, ಇನ್ನೇನಾರ ಗುರ್ತು ಅದಾ?’ ಎಂದಿದ್ದೆ.

‘ಬಲ್ಗೈನಲ್ಲಿ ಎಲ್ಡು ಬೆಟ್ಟಿಲ್ಲ. ಗಾಣುಕ್ ಸಿಕ್ಕಿ ಓಗ್ಬುಟ್ಟೊ.’

ಎರಡು ಬೆರಳಿಲ್ಲದ ಹನುಮ. ಇದಕ್ಕಿಂತ ಸುಲಭ ಏನಿದೆ? ಗಾಡಿ ಹೊರಟಿತು. ಸಾಮೇಲಪ್ಪ ಮುಂದಕ್ಕೆ ಬಾಗಿ, ‘ನೋಡಿದ್ರಾ ಗೌಡ್ರೆ, ಹೆಸರು ಹೇಳದೆ ಗುರುತು ಹೇಳೋರು ನಮ್ಮ ಪ್ರವಾದಿಗಳು ಮಾತ್ರ ಅಲ್ಲ’ ಎಂದರು.

‘ಈ ಯವ್ವ ಯೇಳಿದ್ದು ಒಂದೇ ಏಟ್ಗೆ ತಿಳೀತು. ನಿಮ್ಮೋರ್ ಯೇಳಿದ್ದು ತಿಳೀನಿಲ್ವಲ್ಲ’ ಎಂದು ನಾನು ರಾಣಿಗೆ ಚಾಟಿ ತೋರಿಸಿದೆ.

ಮೊದಲನೇ ಆಲೆಮನೆ ರಸ್ತೆಯಿಂದ ಕೂಗಳತೆಯಲ್ಲಿ ಇತ್ತು. ನೀವು ಆಲೆಮನೆ ನೋಡಿದ್ದರೆ ಗೊತ್ತಿರುತ್ತದೆ: ಒಂದು ಕಡೆ ಎತ್ತು ಸುತ್ತುತ್ತಾ ಕಬ್ಬಿನ ಗಾಣ ಕಿರ್ರೆನ್ನುತ್ತಿರುತ್ತದೆ, ಇನ್ನೊಂದು ಕಡೆ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಾ ಹಬೆಯಲ್ಲಿ ಮನುಷ್ಯರ ಮುಖವೇ ಕಾಣುವುದಿಲ್ಲ. ನಾನು ಇಳಿಯಲಿಲ್ಲ. ಗಾಡಿಯ ಮೇಲಿಂದಲೇ ಗಂಟಲು ಹರಿಯುವ ಹಾಗೆ ಕೂಗಿದೆ:

‘ಲೋ, ಇಲ್ಲಿ ಹನುಮ ಅನ್ನೋನ್ ಯಾರಾರ ಅವ್ನೇನ್ಲಾ?’

ಹಬೆಯೊಳಗೆ ಕೊಪ್ಪರಿಗೆ ಕಲಕುತ್ತಿದ್ದ ಒಬ್ಬ ತಿರುಗಿ, ‘ಇಲ್ಲ ಕಣಣ್ಣೋ’ ಎಂದ. ನಿಂಗಮ್ಮ ಗಾಡಿಯ ಹಿಂಭಾಗದಲ್ಲಿ ಆ ಕಡೆ ಮುಖ ಮಾಡಿ ಸೆರಗು ಹೊದ್ದು ಕೂತಿದ್ದಳು. ಗಾಣದ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಾರದು. ಮುಂದಕ್ಕೆ ಹೊಡೆದೆ.

ಎರಡನೆಯದರಲ್ಲೂ ಹನುಮ ಇರಲಿಲ್ಲ. ವೈದ್ಯನಾಥಪುರ ಬಂತು, ಸಾಮೇಲಪ್ಪ ಇಳಿಯಲಿಲ್ಲ, ‘ಇದು ಮುಗೀಲಿ ಗೌಡ್ರೆ’ ಎಂದರು. ಅದರಾಚೆಯ ಆಲೆಮನೆಯಲ್ಲಿ ನಾನು ಹನುಮ ಎಂದು ಕೂಗುತ್ತಲೂ ಒಬ್ಬ ಎತ್ತರದ ಆಳು ‘ಓ’ ಎಂದು ಬಲಗೈ ಎತ್ತಿದ. ಎತ್ತಿದ ಕೈಯಲ್ಲಿ ಎರಡು ಬೆರಳಿರಲಿಲ್ಲ. ನನ್ನ ಎದೆ ಎರಡಾಳು ಅಗಲವಾಯಿತು.

‘ನಿಮ್ಮವ್ವಂಗೆ ಕಾಯ್ಲೆ ಜೋರಾಗ್ಯದೆ. ಮಳವಳ್ಳಿ ಬಸ್ ಇಡೀಬೇಕು, ಬಾ ಬಿರ್ನೆ!’

ಅವನ ಮುಖ ಹೇಗಾಯಿತು ಎಂದು ಹೇಳಲು ನನಗೆ ಬರುವುದಿಲ್ಲ. ‘ಅವ್ವಾ’ ಎಂದ, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬರಿ ಮೈಯಲ್ಲಿ ಓಡಿಬಂದು ಗಾಡಿಯ ಹಿಂದೆ ಹತ್ತಿದ. ನಿಂಗಮ್ಮ ಸೆರಗು ಸರಿಸಿ ನೋಡಿ ಮೂಲೆಗೆ ಮುದುರಿಕೊಂಡಳು.

‘ಇವ್ರಲ್ಲ ಕಣಣ್ಣೋ! ಇವ್ರು ನಮ್ಮೋರಲ್ಲ!’

ಸಾಮೇಲಪ್ಪನವರೇ ಅವನ ತೋಳು ಹಿಡಿದು, ‘ನಿಮ್ಮ ತಾಯಿಗೆ ಏನೂ ಆಗಿಲ್ಲಪ್ಪ. ಹೆಸರು ತಪ್ಪಿತು’ ಎಂದರು. ಅವನು ಇಳಿದು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತ. ಆಮೇಲೆ ನನ್ನ ಕಡೆ ತಿರುಗಿದ. ‘ನಿನ್ ಮನೆ ಕಾಯ್ವೋಗ, ಎದೆ ಒಡ್ಸಾಕ್ಬುಟ್ಟಲ್ಲೋ!’ ನಾನು ಮೇಲೆಯೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ಎದ್ದ. ‘ನಮ್ಮೂರೂ ಮಳವಳ್ಳಿ ಪಕ್ಕಾನೇ. ಅವ್ವನ್ ಮಕ ನೋಡಿ ವರ್ಸುದ್ ಮ್ಯಾಗಾಯ್ತು. ಇನ್ ನನ್ ಕೈ ಕೆಲ್ಸ ಮಾಡಕಿಲ್ಲ. ನಾನೂ ಬತ್ತೀನಿ, ನಡಿ’ ಎಂದು ಯಜಮಾನನಿಗೆ ಹೇಳಿ ಅಂಗಿ ತೊಟ್ಟು ಬಂದ.

ಬಿಸಿಲು ಇಳಿಯುತ್ತಿತ್ತು. ನಿಂಗಮ್ಮ ಸದ್ದಿಲ್ಲದೆ ಅಳುತ್ತಿದ್ದಳು. ಬಸ್ಸು ತಪ್ಪಿದರೆ ಬೆಳಗಿನ ತನಕ ಇನ್ನೊಂದಿಲ್ಲ, ಬೆಳಗಿನ ತನಕ ಆ ಮುದುಕಿ ಇರುತ್ತಾಳೋ ಇಲ್ಲವೋ.

‘ತಂಗೀ,’ ಎಂದರು ಸಾಮೇಲಪ್ಪ, ‘ಹೆಸರು ಹನುಮ ತಾನೆ?’

‘ಹನುಮ ಅಂತ ನಾನ್ ಎಲ್ಲಂದೆ?’

ಸಾಮೇಲಪ್ಪ ನನ್ನ ಬೆನ್ನಿಗೆ ಗುದ್ದಿದರು. ‘ಗೌಡ್ರೆ, ಕೇಳಿದ್ರಾ? ಬಾಯಿಬಿಟ್ಟು ಹನುಮ ಅಂದ್ಲು! ಗಂಡನ ಹೆಸರಾಗಿದ್ರೆ ಅಂತಿದ್ಲಾ?’

ಅಂತಿರಲಿಲ್ಲ. ಸತ್ತರೂ ಅಂತಿರಲಿಲ್ಲ. ‘ಮತ್ತೆ ಅಲ್ಲಿರೋ ದೇವ್ರು ಹನುಮನೇ ಅಲ್ವೇನವ್ವ?’ ಎಂದೆ.

‘ನಿಮ್ಗೆ ಹನುಮ. ನಮ್ಗೆ ಹಂಗಲ್ಲ. ಸೀತವ್ವನ್ ಮೂಗಿನ್ ನತ್ತಿಂದು, ದುಂಡುಗೆ ಬೆಳ್ಳುಗೆ ಇರ್ತದಲ್ಲ, ಅದು ಒಳೇಲ್ ಬಿದ್ದೋಗಿ, ಬಾಲ ಬುಟ್ಟು ಅದ್ನ ಎತ್ತಿಕೊಟ್ನಲ್ಲ, ಆಗ ಆ ತಾಯಿ ಒಂದ್ ಎಸ್ರು ಮಡುಗುದ್ಲಲ್ಲ...’ ಅಲ್ಲಿಗೆ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಮುಂದಿನ ಮಾತು ಗಂಡನ ಹೆಸರೇ.

ತಪ್ಪಿ ಬಂದ ಹನುಮ ಗಾಡಿ ಅಲ್ಲಾಡುವ ಹಾಗೆ ನಕ್ಕ. ‘ಮುತ್ತೆತ್ತಿರಾಯ! ಅಣ್ಣೋ, ಮುತ್ರಾಯ ಕಣಣ್ಣ! ರಸ್ತೆ ಪಕ್ಕುದ್ ಆಲೆಮನೇಲಿ ಪಾಕ ನೋಡೋನು. ನನ್ನಂಗೇ ಬೆಟ್ಟು ಕಳ್ಕಂಡೋನು!’

ಮುತ್ತು ಎತ್ತಿದ ರಾಯ. ನಿಂಗಮ್ಮ ಅವತ್ತೆಲ್ಲ ತನ್ನ ಪಕ್ಕದ ಊರಾದ ಮುತ್ತತ್ತಿಯ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಕಾವೇರಿ ದಡ ಎಂದೇ ಹೇಳುತ್ತಿದ್ದಳು. ಅದೇ ಎಲ್ಲಕ್ಕಿಂತ ದೊಡ್ಡ ಗುರುತಾಗಿತ್ತು. ನಮಗೆ ಹೊಳೆದಿರಲಿಲ್ಲ.

ಗಾಡಿ ತಿರುಗಿಸಿ ಬಂದು ಮೊದಲನೇ ಆಲೆಮನೆಯ ಮುಂದೆ ನಾನು ಕೆಳಗೆ ಇಳಿದೆ. ಲಗಾಮನ್ನು ಸಾಮೇಲಪ್ಪನವರ ಕೈಗೆ ಕೊಟ್ಟು ನಿಂಗಮ್ಮನ ಜೊತೆ ಒಳಗೆ ನಡೆದೆ. ಹಬೆಯಲ್ಲಿ ಅದೇ ಮನುಷ್ಯ ಕೊಪ್ಪರಿಗೆ ಕಲಕುತ್ತಿದ್ದ. ನನಗೆ ‘ಇಲ್ಲ ಕಣಣ್ಣೋ’ ಎಂದಿದ್ದವನು. ಹಿಡಿಯ ಮೇಲಿದ್ದ ಬಲಗೈಯಲ್ಲಿ ಮೂರೇ ಬೆರಳು. ನಾನು ಅವನನ್ನೇ ಕೇಳಿ, ಅವನಿಂದಲೇ ಇಲ್ಲ ಅನ್ನಿಸಿಕೊಂಡು ಹೋಗಿದ್ದೆ. ಗಾಣ ಹಾಗೇ ಕಿರ್ರೆನ್ನುತ್ತಿತ್ತು. ನಿಂಗಮ್ಮ ಕೂಗಲಿಲ್ಲ.

‘ಇಗಾ’ ಎಂದಳು, ಅಷ್ಟೇ.

ಅವನು ತಿರುಗಿ ಅವಳ ಮುಖ ನೋಡಿದ. ‘ಅವ್ವನಾ?’ ಎಂದ.

ಮದ್ದೂರಿನಲ್ಲಿ ಬಸ್ಸು ಇನ್ನೂ ಹೊರಟಿರಲಿಲ್ಲ, ಅದರ ಒಲೆ ಅವತ್ತು ಹತ್ತಲು ಸತಾಯಿಸಿತು. ಡ್ರೈವರು ಬೈಯುತ್ತಾ ಊದುತ್ತಿದ್ದ. ಅವನ ಬೈಗುಳ ಕೇಳಿ ನಾನು ಸಂತೋಷಪಟ್ಟ ದಿನ ಅದೊಂದೇ. ನಿಂಗಮ್ಮ, ಅವಳ ಗಂಡ, ತಪ್ಪಿ ಬಂದ ಹನುಮ ಮೂವರೂ ಹತ್ತಿದರು. ಹೊಗೆ ಕಾರುತ್ತಾ ಬಸ್ಸು ಮಳವಳ್ಳಿ ದಾರಿ ಹಿಡಿಯಿತು.

ನಾನು, ಸಾಮೇಲಪ್ಪ ಗಾಡಿಯ ಹತ್ತಿರ ನಿಂತಿದ್ದೆವು. ಅವರು ಧರ್ಮದ ಮಾತು ಎತ್ತಲಿಲ್ಲ. ನಾನೇ ಎತ್ತಿದೆ.

‘ಇಮ್ಮಾನುವೇಲ ಅಂದ್ರೆ ಏನರ್ಥ?’

‘ದೇವರು ನಮ್ಮ ಜೊತೆಯಲ್ಲಿದ್ದಾನೆ ಅಂತ.’

‘ಅಂದ್ರೆ ಉಣ್ಣಕೆ ಕರೆಯೋ ಎಸ್ರಲ್ಲ.’

‘ಅಲ್ಲ. ಮುತ್ತು ಎತ್ತಿದವನು ಅಂದ ಹಾಗೆ.’ ಅವರೇ ಮುಂದುವರಿಸಿದರು. ‘ನಿಮಗೆ ಹೇಳದೆ ಇದ್ದ ಇನ್ನೊಂದಿದೆ ಗೌಡ್ರೆ. ಆ ಮಾತನ್ನ ಪ್ರವಾದಿ ಮೊದಲು ಹೇಳಿದ್ದು ಅವನ ಕಾಲದ ಒಬ್ಬ ರಾಜನಿಗೆ. ಶತ್ರುಗಳು ಮೇಲೆ ಬಿದ್ದಿದ್ದರು. ಈ ಕೂಸಿಗೆ ತಿಳಿವಳಿಕೆ ಬರೋದರೊಳಗೆ ಅವರು ಇಲ್ಲದ ಹಾಗಾಗ್ತಾರೆ, ಹೆದರಬೇಡ ಅಂತ. ಅದು ಆಗಲೇ ಹುಟ್ಟಿದ ಯಾವುದೋ ಕೂಸು ಅಂತ ಓದಿದವರು ಹೇಳ್ತಾರೆ. ನನಗೆ ಇದು ಮೊದಲಿಂದ ಕಸಿವಿಸಿ. ಮೊದಲೇ ಒಬ್ಬನಿಗೆ ಸಂದ ಮಾತು ನಮ್ಮ ಸ್ವಾಮಿಗೆ ಹೇಗೆ ಸಲ್ಲುತ್ತೆ ಅಂತ. ಇವತ್ತು ಆ ಹನುಮ ಅವ್ವನ್ನ ನೋಡೋಕೆ ಹೊರಟದ್ದು ನೋಡಿದೆ. ನಿಂಗಮ್ಮನ ಗಂಡನಿಗೆ ಬಂದ ಕರೆ ಅವನಿಗೂ ಸುಳ್ಳಾಗಲಿಲ್ಲ.’

ಮಾತು ಚೆನ್ನಾಗಿತ್ತು. ಆದರೆ ನಾನು ಸುಲಭಕ್ಕೆ ಸೋಲುವವನಲ್ಲ. ‘ಪುಸ್ತಕ ಯೆಹೂದ್ಯರ್ದು ಅಂದ್ರಲ್ಲ, ಅವ್ರೇನಂತಾರೆ?’ ಎಂದೆ.

‘ಇವನಲ್ಲ ಅಂತಾರೆ. ಗಾಯಪಟ್ಟವನು ಅಂತ ಬರೆದಿರೋದು ನಮ್ಮ ಜನವನ್ನೇ ಅಂತಾರೆ. ಬರೋನು ಇನ್ನೂ ಬರಬೇಕು ಅಂತ ಕಾಯ್ತಾರೆ.’

‘ನಿಂಗಮ್ಮ ಇವ್ರಲ್ಲ ಅನ್ನುತ್ಲೂ ನಾವು ಮರುಮಾತಾಡ್ನಿಲ್ಲ. ಯಾಕೆ? ಗಂಡುನ್ನ ಬಲ್ಲೋಳು ಅವ್ಳು. ಪುಸ್ತಕ ಅವ್ರ್ ಮನೇದು. ಅವ್ರೇ ಅಲ್ಲ ಅಂದ್ಮೇಲೆ ನೀವ್ ಯಾರು ಊ ಅನ್ನಕೆ?’

ಸಾಮೇಲಪ್ಪ ಗಾಡಿ ಹತ್ತಿ ಸ್ಟೇಷನ್ನಿಗೆ ಬಂದರು. ಪೆಟ್ಟಿಗೆ ಇಳಿಸಿಕೊಂಡ ಮೇಲೆ ಹೇಳಿದರು: ‘ಅವರು ಅಲ್ಲ ಅನ್ನೋದು ನನಗೂ ಭಾರವೇ ಗೌಡ್ರೆ. ಅವರು ಸುಳ್ಳು ಹೇಳ್ತಾರೆ ಅಂತ ನಾನು ಅನ್ನಲಾರೆ. ಆದರೆ ನಾನು ಗುರುತು ಹಿಡಿದು ಅವನ ಹತ್ತಿರ ಹೋದವನಲ್ಲ. ಮೊದಲು ಅವನ ಮುಖ ನೋಡಿದೆ, ಆಮೇಲೆ ಹಳೇ ಪುಸ್ತಕ ತೆರೆದೆ. ನೋಡಿದ ಮೇಲೆ ಎಲ್ಲ ಗುರುತೂ ಅವನದೇ ಅನ್ನಿಸುತ್ತೆ. ನೋಡದೆ ಇರೋರಿಗೆ ಏನು ಹೇಳಲಿ?’

ಅವರ ಮಾತಿಗೆ ನಾನು ಒಪ್ಪಿದೆ ಎಂದಲ್ಲ. ನಾನು ನನ್ನ ದೇವರಿಗೇ ಕೈಮುಗಿಯುತ್ತಾ ಬಂದವನು. ಅವರ ಪ್ರವಾದಿಗಳು ಯಾರನ್ನು ನೆನೆದು ಹೇಳಿದರೋ ಜಟಕಾದವನಿಗೆ ಹೇಗೆ ಗೊತ್ತಾಗಬೇಕು? ಆದರೆ ಗುರುತು ಹೇಳುವವರು ಸುಮ್ಮನೆ ಹೇಳುವುದಿಲ್ಲ, ಪ್ರೀತಿಯಿರುವ ಕಡೆಯೇ ಬಾಯಿಗೆ ಕೈ ಅಡ್ಡ ಬರುತ್ತದೆ ಎಂಬುದು ಮಾತ್ರ ಅವತ್ತು ಗೊತ್ತಾಯಿತು. ಇಮ್ಮಾನುವೇಲರು ಸಿಕ್ಕಿದರೇ ಎಂದು ಆಮೇಲೆ ನಾನು ಅವರನ್ನು ಕೇಳಲಿಲ್ಲ.

ಕೆಲವು ವಾರ ಕಳೆದು ಆ ರಸ್ತೆಯಲ್ಲಿ ಹೋಗುತ್ತಿದ್ದಾಗ ಮುತ್ತುರಾಯ ಆಲೆಮನೆಯಿಂದ ಓಡಿಬಂದು ಗಾಡಿ ನಿಲ್ಲಿಸಿದ. ತಲೆ ಬೋಳಿಸಿ ಆಗಲೇ ಚೂರು ಕೂದಲು ಬಂದಿತ್ತು. ನಾನು ಕೇಳಬೇಕಾಗಿರಲಿಲ್ಲ.

‘ನೀರ್ ಬುಟ್ಟೆ ಕಣಣ್ಣ. ಕುಡುದ್ಲು’ ಎಂದ. ಮೂರು ಬೆರಳಿನ ಕೈಯಿಂದ ಒಂದು ಬಿಸಿ ಅಚ್ಚು ಬೆಲ್ಲವನ್ನು ಎಲೆಯಲ್ಲಿಟ್ಟು ಕೊಟ್ಟ. ಗಾಡಿಯ ಮೇಲಿಂದ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ, ಇಳಿದು ಎರಡೂ ಕೈ ಚಾಚಿದೆ. ರಾಣಿಗೂ ಒಂದು ಚೂರು ಕೊಟ್ಟೆ.

ಈಗ ಇಲ್ಲಿಗೆ ಬರೋಣ. ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಅತ್ತೆಯನ್ನು ರೇಗಿಸಿದಳು. ‘ಅತ್ತೆ, ಇವತ್ತೊಂದಿನ ಮಾವನ ಹೆಸರು ಹೇಳಿ ನೋಡೋಣ. ಏನೂ ಆಗಲ್ಲ.’

ನನ್ನ ಹೆಂಡತಿ ಮುದ್ದೆಯನ್ನು ನನ್ನ ತಟ್ಟೆಗೆ ಬಡಿಸುತ್ತಾ ತಲೆಯೆತ್ತದೆ ಹೇಳಿದಳು: ‘ಗೊತ್ತಿರೋರ್ಗೆ ಯಾಕ್ ಯೇಳ್ಬೇಕು? ಗೊತ್ತಿಲ್ದೋರ್ಗೆ ಯೇಳಿ ಏನಾಗ್ಬೇಕು?’

ಸೊಸೆ ನಕ್ಕಳು. ನನ್ನ ಹೆಸರು ಮದ್ದೂರಿನ ದೇವರದೇ ಎಂದು ನಿಮಗೆ ಗುರುತು ಕೊಡಬಲ್ಲೆ. ಆದರೆ ನಮ್ಮೂರಿನಲ್ಲಿ ದೇವರು ಒಬ್ಬನೇ ಅಲ್ಲ, ಒಬ್ಬೊಬ್ಬನಿಗೂ ಹೆಸರು ಒಂದೇ ಅಲ್ಲ. ನೀವೂ ನನ್ನ ಹಾಗೆ ಮೇಲಿಂದಲೇ ಕೂಗಿಬಿಟ್ಟೀರಿ.

ಇದನ್ನು ಬರೆಯುತ್ತಾ ಜಗಲಿಯಲ್ಲಿ ಕೂತಿದ್ದೇನೆ. ಸಂಜೆಯಾಗಿದೆ. ಎದುರು ಕಟ್ಟೆಯ ಮೇಲೆ ನನ್ನ ವಯಸ್ಸಿನ ಗಂಡಸರು ಏಳೆಂಟು ಮಂದಿ ಹರಟುತ್ತಾ ಕೂತಿದ್ದಾರೆ. ಒಳಗಿನಿಂದ, ಜೋರಾಗಿಯೂ ಅಲ್ಲ, ಒಂದು ದನಿ ಬಂತು.

‘ಇಗಾ.’

ಕಟ್ಟೆಯ ಮೇಲಿನವರು ಯಾರೂ ತಿರುಗಲಿಲ್ಲ. ನಾನು ಎದ್ದೆ.